ಫಕೀರವ್ವನ ಹೆಸರಿನ ಬಳೆ

ಕಾರ್ತಿಕ ಬಂತೆಂದರೆ ಕಡ್ಲಿಹಾಳದ ಹೆಂಗಸರ ಮೈಯೊಳಗೆ ಏನು ನಡೆಯುತ್ತದೆಂಬುದನ್ನು ಆರೋಗ್ಯ ಸಹಾಯಕಿ ಶಿವಲೀಲಾ ತಾಲೂಕು ಆಸ್ಪತ್ರೆಯ ಮಹಡಿಯ ಮೇಲೆ ಕೂತೇ ಹೇಳಬಲ್ಲವಳಾಗಿದ್ದಳು. ಅಷ್ಟೊತ್ತಿಗೆ ಎರೆಹೊಲದಲ್ಲಿ ಕಡಲೆ ಗೇಣುದ್ದ ಎದ್ದಿರುತ್ತದೆ. ಹೆಂಗಸರು ಅದರ ಕುಡಿ ಚಿವುಟಿ ಉಡಿ ತುಂಬ ತರುತ್ತಾರೆ. ಬೆಳೆಯ ನಡುವೆ ಹಕ್ಕರಕಿಯೂ ಆಗಲೇ ಏಳುತ್ತದೆ. ಎರಡೂ ರೊಟ್ಟಿಯ ಸಂಗಡ ಹಸಿಯಾಗಿಯೇ ತಿನ್ನುವ ತಪ್ಪಲು. ಬೇಯಿಸಿ ಬಸಿದರೆ ನೀರಿನೊಂದಿಗೆ ಹರಿದುಹೋಗುವ ಫೋಲೇಟ್ ಎಂಬ ಜೀವಸತ್ವ ಹೀಗೆ ತಿಂದಾಗ ಇಡಿಯಾಗಿ ಹೊಟ್ಟೆಗೆ ಸೇರುತ್ತದೆ. ಶಿವಲೀಲಾಳ ಮುಂದಿನ ಪರದೆಯ ಮೇಲೆ ಊರಿನ ಇನ್ನೂರ ಎಂಬತ್ತು ಗೆರೆಗಳು ಒಂದು ವಾರದೊಳಗೆ ಒಟ್ಟಿಗೆ ಮೇಲೇಳುತ್ತಿದ್ದವು. ಗೆರೆಗೊಂದು ಹೆಸರು, ಹೆಸರಿಗೊಂದು ಬಳೆ.

ಬಳೆಯ ಯೋಜನೆ ಬಂದು ಮೂರು ವರ್ಷವಾಗಿತ್ತು. ಹೆಂಗಸರು ಒಮ್ಮೆ ಮೈಮೇಲೆ ಹಾಕಿಕೊಂಡರೆ ತೆಗೆಯದ ವಸ್ತು ಯಾವುದು ಎಂದು ಅದನ್ನು ಮಾಡಿದವರು ಮೊದಲು ಕೇಳಿಕೊಂಡಿದ್ದರಂತೆ. ತಾಳಿ ಎಂದರಂತೆ ಒಬ್ಬರು. ಅದು ಎಲ್ಲ ಜಾತಿ ಮತಕ್ಕೂ ಹೊಂದುವುದಿಲ್ಲವೆಂದು ಬಳೆಯೇ ಗಟ್ಟಿಯಾಯಿತಂತೆ. ನೋಡಲು ಹಸಿರು ಗಾಜಿನ ಬಳೆಯ ಹಾಗೆಯೇ ಇತ್ತು, ಕೈ ತುಂಬ ಬಳೆಗಳ ನಡುವೆ ಇಟ್ಟರೆ ಗುರುತು ಸಿಗುತ್ತಿರಲಿಲ್ಲ. ಒಳಮೈಯಲ್ಲಿ ಮಾತ್ರ ಸಜ್ಜೆ ತೆನೆಯ ಸುಂಕಿಗಿಂತ ನಯವಾದ ಮುಳ್ಳುಗಳು. ಅವು ರಕ್ತದವರೆಗೆ ಹೋಗುತ್ತಿರಲಿಲ್ಲ. ತೊಗಲಿನ ಕೆಳಗಿನ ನೀರನ್ನು ಗಂಟೆಗೊಮ್ಮೆ ಹೀರಿ ಅದರಲ್ಲಿ ಫೋಲೇಟ್ ಎಷ್ಟು, ಬಿ-ಹನ್ನೆರಡು ಎಷ್ಟು, ಎ ಎಷ್ಟು, ಡಿ ಎಷ್ಟು ಎಂದು ಅಳೆಯುತ್ತಿದ್ದವು. ಜೊತೆಗೆ ನಾಡಿ ಬಡಿತ, ಮೈಯ ಶಾಖ. ಈ ಸಂಖ್ಯೆಗಳು ಅಂಗನವಾಡಿಯ ಗೋಡೆಯ ಮೇಲಿನ ಪೆಟ್ಟಿಗೆಗೆ, ಅಲ್ಲಿಂದ ತಾಲೂಕು ಆಸ್ಪತ್ರೆಗೆ ಬರುತ್ತಿದ್ದವು.

ಇದೆಲ್ಲ ಏಕೆಂಬುದನ್ನು ಆಸ್ಪತ್ರೆಯ ಡಾಕ್ಟರ್ ಮೆಹಬೂಬ ನದಾಫ ಊರೂರಿಗೆ ಹೋಗಿ ಒಂದೇ ರೀತಿಯಲ್ಲಿ ಹೇಳುತ್ತಿದ್ದರು. "ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ತರೂ ವೈರಾಣು ಕಸದ ಬೀಜ ಇದ್ದಂಗ. ಎಲ್ಲಾರ ಹೊಲಕ್ಕೂ ಬೀಳತೈತಿ. ಬೆಳಿ ಗಟ್ಟಿ ಇದ್ದಲ್ಲಿ ಕಸ ಏಳೂದಿಲ್ಲ. ಮೈಯಾಗ ಜೀವಸತ್ವ ವರ್ಷಗಟ್ಲೆ ತಳ ಹಿಡಿದಿದ್ರ ಅಲ್ಲಿ ಅದು ಬೇರು ಬಿಡಬಹುದು. ಬಿಟ್ಟೇ ಬಿಡತೈತಿ ಅಂತಲ್ಲ, ಬಿಡಬಹುದು." ತಾಲೂಕಿಗೆ ಪರೀಕ್ಷೆ ಮಾಡುವವರು ಇಬ್ಬರು, ಮಾಡಿಸಿಕೊಳ್ಳಬೇಕಾದ ಹೆಂಗಸರು ಸಾವಿರಾರು. ಯಾರನ್ನು ಮೊದಲು ಕರೆಯಬೇಕೆಂದು ಬಳೆಯ ಒಳಗಿನ ಚುಕ್ಕಿ ಹೇಳುತ್ತಿತ್ತು. ಕೆಂಪಾದರೆ ತಿಂಗಳೊಳಗೆ, ಹಳದಿಯಾದರೆ ವರ್ಷದೊಳಗೆ, ಹಸಿರಾದರೆ ಐದು ವರ್ಷಕ್ಕೊಮ್ಮೆ.

"ಬಳಿ ರೋಗ ಹುಡುಕೂದಿಲ್ಲ, ಯಾರು ಮೊದಲು ಅಂತ ಸಾಲು ಹಚ್ಚತೈತಿ ಅಷ್ಟ," ಎಂದು ಡಾಕ್ಟರು ಕೊನೆಗೆ ತಪ್ಪದೆ ಹೇಳುತ್ತಿದ್ದರು. ಆ ಮಾತು ಸಭೆ ಮುಗಿದು ಜನ ಚಾಪೆ ಮಡಚುವ ಹೊತ್ತಿಗೆ ಬರುತ್ತಿತ್ತು. ಊರಿನಲ್ಲಿ ಉಳಿದದ್ದು ಹಸಿರೆಂದರೆ ರೋಗವಿಲ್ಲ ಎನ್ನುವುದೊಂದೇ.

ಆ ಸೋಮವಾರ ಮುಂಜಾನೆ ಕಡ್ಲಿಹಾಳದ ಗೆರೆಗಳೆಲ್ಲ ಏರುತ್ತಿರುವಾಗ ಎರಡು ಮಾತ್ರ ಇಳಿಯುತ್ತಿದ್ದವು. ಒಂದು ಕಸ್ತೂರಿ ಎಂಬ ಇಪ್ಪತ್ನಾಲ್ಕರ ಸೊಸೆಯದು. ಇನ್ನೊಂದು ಅವಳ ಅತ್ತೆ, ಐವತ್ತಾರರ ಫಕೀರವ್ವನದು. ಮನೆಯಲ್ಲಿ ಜ್ವರವೋ ಏನೋ ಎಂದುಕೊಂಡು ಶಿವಲೀಲಾ ಎರಡನ್ನೂ ದೊಡ್ಡದು ಮಾಡಿ ನೋಡಿದಳು. ಗುರುವಾರ ಮಧ್ಯಾಹ್ನ ಕಸ್ತೂರಿಯ ನಾಡಿ ಒಮ್ಮೆಲೇ ಜೋರಾಗಿತ್ತು. ಫಕೀರವ್ವನದೂ ಆ ಗಳಿಗೆಗೇ ಜೋರಾಗಿತ್ತು. ಶಾಖ ಮೂರು ವಾರದಿಂದ ಇಬ್ಬರಿಗೂ ಒಂದೇ ಅಳತೆಯಲ್ಲಿ ಏರಿ ನಿಂತಿತ್ತು. ಒಂದು ಗೆರೆಯನ್ನು ಎಳೆದು ಇನ್ನೊಂದರ ಮೇಲಿಟ್ಟಳು. ಪರದೆಯ ಮೇಲೆ ಒಂದೇ ಗೆರೆ ಉಳಿಯಿತು.

ಆಮೇಲೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಇಳಿಯುವ ಫೋಲೇಟ್, ಏರಿದ ಶಾಖ, ಜೋರಾದ ನಾಡಿ ಮೂರನ್ನೂ ಕೂಡಿಸಿ ನೋಡಿದ ಯಂತ್ರ ತಾನಾಗಿಯೇ ಎರಡೂ ಹೆಸರಿನ ಮುಂದೆ 'ಗರ್ಭಿಣಿಯಾಗಿರುವ ಸಾಧ್ಯತೆ' ಎಂದು ಬರೆದಿತ್ತು. ಹಾಗೆ ಬರೆದರೆ ಮುಂಜಾನೆ ಎಂಟಕ್ಕೆ ಅವರವರ ಫೋನಿಗೆ ಶುಭಾಶಯದ ದನಿ ಹೋಗುವುದು ರೂಢಿ. ಆಗಲೇ ಒಂಬತ್ತೂವರೆಯಾಗಿತ್ತು.

ಫಕೀರವ್ವನಿಗೆ ಫೋನಿಲ್ಲ ಎಂಬುದು ಶಿವಲೀಲಾಳಿಗೆ ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಅಂಗನವಾಡಿಯಲ್ಲಿ ಹೆಸರು ಬರೆದುಕೊಂಡವಳು ಅವಳೇ. ಯಾವುದಾದರೂ ನಂಬರು ಕೊಡಿ ಎಂದಾಗ ಫಕೀರವ್ವ ಹಿಟ್ಟಿನ ಗಿರಣಿಯ ನಂಬರು ಹೇಳಿದ್ದಳು. ಬಳೆಯನ್ನು ಕೈಗೆ ತೊಡದೆ ಅಂಗೈಯಲ್ಲಿ ಹಿಡಿದು, "ಆಮ್ಯಾಲ ನೋಡೂಣು ತಂಗಿ," ಎಂದಿದ್ದಳು. ಹಿಂದೆ ನಲವತ್ತು ಮಂದಿ ನಿಂತಿದ್ದರು. 'ಧರಿಸಿದ್ದಾರೆ' ಎಂಬಲ್ಲಿ ಶಿವಲೀಲಾ ಗುರುತು ಹಾಕಿ ಮುಂದಿನವಳನ್ನು ಕರೆದಿದ್ದಳು.

ಡಾಕ್ಟರ್ ನದಾಫ ಪರದೆಯನ್ನು ಬಹಳ ಹೊತ್ತು ನೋಡಿದರು. "ಯಂತ್ರ ಕೆಟ್ಟಿಲ್ಲ. ಒಂದ ಮೈಯಿನ ಲೆಕ್ಕ ಎರಡ ಹೆಸರಿಗೆ ಬಂದೈತಿ. ಯಂತ್ರಕ್ಕ ಒಬ್ಬೊಬ್ಬರನ್ನ ನೋಡಾಕ ಕಲಿಸೀವಿ, ಇಬ್ಬರನ್ನ ಬಾಜೂಕ ಇಟ್ಟು ನೋಡಾಕ ಕಲಿಸಿಲ್ಲ."

"ಸೊಸಿ ಬಸರಿ ಅದಾಳ್ರಿ ಸಾಹೇಬ್ರ. ಎರಡೂ ಬಳಿ ಆಕೀ ಕೈಯಾಗ ಅದಾವು."

"ಅದು ತಿಳೀತು. ಹಂಗಾದ್ರ ಫಕೀರವ್ವನ ಲೆಕ್ಕ ಎಲ್ಲೈತಿ? ಮೂರು ವರ್ಷ ಹಸರು ಅಂತ ಬಿಟ್ಟೀವಿ. ಆಕಿನ್ನ ನಾವು ನೋಡೇ ಇಲ್ಲ, ಶಿವಲೀಲಾ."

ಅವಳು ಹತ್ತೂವರೆಯ ಬಸ್ಸು ಹಿಡಿದಳು.

ಕಡ್ಲಿಹಾಳದ ಬಸ್‌ಸ್ಟಾಂಡಿನಲ್ಲಿ ಆಶಾ ಕಾರ್ಯಕರ್ತೆ ಅನಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹತ್ತಿರ ಹೋಗುವತನಕ ತಿಳಿಯಲಿಲ್ಲ. ಎರಡೂ ಇತ್ತು.

"ಅಕ್ಕಾರ, ಏನ ಮಾಡಿಟ್ರಿ ಇದು! ಗಿರಣಿ ಮೋನಪ್ಪ ಸದ್ದಿನಾಗ ಕೇಳೂದಿಲ್ಲಂತ ಫೋನ ಸ್ಪೀಕರಿಗೆ ಹಾಕೇ ಇಡತಾನ್ರಿ. ಜ್ವಾಳದ ಡಬ್ಬಿ ಹಿಡಕೊಂಡು ಹನ್ನೆರಡ ಮಂದಿ ಸಾಲು ಹಚ್ಚಿದ್ವಿ. 'ನಮಸ್ಕಾರ ಫಕೀರವ್ವ ಅವರೇ, ನೀವು ತಾಯಿಯಾಗುತ್ತಿರುವ ಸಾಧ್ಯತೆ ಇದೆ, ಅಭಿನಂದನೆಗಳು' ಅಂತ ಅದ್ಯಾರೋ ಪಟ್ಟಣದ ಹುಡುಗಿ ದನಿ. ಎರಡೆರಡ ಸಲ ಹೇಳ್ತ್ರೀ!"

"ಫಕೀರವ್ವ ಅಲ್ಲಿ ಇದ್ದಿಲ್ಲಲ್ಲ?"

"ಇದ್ಲಲ್ಲರಿ. ಸಾಲಿನಾಗ ನಾಕನೇದಾಕಿ."

"ಏನಂದ್ಲು?"

"'ಮೋನಪ್ಪಾ, ಹಿಟ್ಟ ಸಣ್ಣಗ ಬೀಸು' ಅಂದ್ಲು. ಬೀಸಿಸಿಕೊಂಡು, ಡಬ್ಬಿ ಹೊತ್ಕೊಂಡು ಹೋದ್ಲು."

ಫಕೀರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಹಕ್ಕರಕಿ ಸೋಸುತ್ತಿದ್ದಳು. ಎತ್ತರದ ಹೆಂಗಸು, ಮುಖ ಒಂದಿಷ್ಟು ಬಾಡಿತ್ತು. ಬರಿಗೈ. ಗಂಡ ತೀರಿ ಒಂಬತ್ತು ವರ್ಷ. ಮಗ ಕಬ್ಬಿನ ಸೀಮೆಗೆ ಕಟಾವು ಯಂತ್ರ ಓಡಿಸಲು ಹೋದವನು ಹುಣ್ಣಿಮೆಗೋ ಅಮಾವಾಸ್ಯೆಗೋ ಬರುತ್ತಿದ್ದ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ಅದರ ಜೊತೆ ಬಳೆಗಳ ಸಪ್ಪಳ.

"ಬಾ ತಂಗಿ. ಬಸರಿನ್ನ ನೋಡಾಕ ಬಂದೀ ಏನು? ಬರೇ ಕೈಲೆ ಬಂದೀಯಲ್ಲ, ಹುಣಸಿಕಾಯರ ತರಬೇಕಿಲ್ಲ?"

ಶಿವಲೀಲಾಳಿಗೆ ನಗಲಾಗಲಿಲ್ಲ. "ತಪ್ಪಾತ್ರಿ ದೊಡ್ಡವ್ವ," ಎಂದು ಕೆಳಗೆ ಕೂತಳು. "ಬಳಿ ಯಾರ ಕೈಯಾಗೈತಿ?"

"ಗೊತ್ತಿದ್ದೇ ಬಂದೀದಿ. ಯಾಕ ಕೇಳತೀ?" ಫಕೀರವ್ವ ಕೆಟ್ಟೆಲೆಯೊಂದನ್ನು ಆಚೆ ಎಸೆದಳು. "ಗಂಡ ಸತ್ತಾಗ ಬಳಿ ಒಡದ ಕೈ ಇದು. ಸರಕಾರ ಬಂದು ಬಳಿ ತೊಡು ಅಂತು. ಸರಕಾರಕ್ಕ ತಿಳೀಲಿಲ್ಲ ಬಿಡು. ನೀನೂ ಇದ ಸೀಮಿಯಾಕಿ, ನಿನಗ ತಿಳೀಲಿಲ್ಲೇನು?"

ಶಿವಲೀಲಾ ಮೊರದಿಂದ ಒಂದು ಹಿಡಿ ತಪ್ಪಲು ಎಳೆದುಕೊಂಡು ಸೋಸತೊಡಗಿದಳು.

"ಗೂಟಕ್ಕ ಹಾಕಿಟ್ರ ಅಂಗನವಾಡಿ ಡಬ್ಬಿ ಒದರತೈತಿ ಅಂತ ಅನಸವ್ವ ಅಂಜಿದ್ಲು. ಈಕಿಗೂ ಒಂದ ಕೊಟ್ಟಿದ್ರಿ. ಒಂದ ಕೈಗೆ ಬಳಿ ಇಟ್ಟು ಒಂದ ಕೈ ಹಂಗ ಬಿಡಾಕ ಆಗತೈತೇನು? ಅದಕ್ಕ ನನ್ನದೂ ಕೊಟ್ಟೆ, ಜೋಡಿ ಆತು. ಊರಾಗ ಗಂಡ ಇಲ್ಲದಾಕಿ ನಾ ಒಬ್ಬಾಕಿನ ಇದ್ದೀನೇನು? ಎಲ್ಲಾರ ಮನಿ ದ್ವಾಸಿನೂ ತೂತ."

"ಹಂಗಾದ್ರ ಮುಂಜಾನೆ ಗಿರಣ್ಯಾಗ ನಿಂತಾರಿಗೆ ಗೊತ್ತಾಗಿರತೈತಿ."

"ಹೆಂಗಸರಿಗೆ ನನ್ನ ಕೈಯಾಗ ಇಲ್ಲನ್ನೂದು ಗೊತ್ತು, ಯಾರ ಕೈಯಾಗೈತಿ ಅಂತ ಗೊತ್ತಿಲ್ಲ. ಬಾಯಿ ಬಿಟ್ರ ತಮ್ಮ ಮನೀದೂ ಹೊರಗ ಬೀಳತೈತಿ, ಸರಕಾರದಿಂದ ಬರೂದು ಏನರ ನಿಂತೀತು ಅಂತ ಸುಮ್ನದಾರ. ಗಂಡಸರು ಕಟ್ಟಿಗೆ ಕೂತು ನಗಾಕತ್ತಾರ. ಆಡಿಕೊಳ್ಳಾರಿಗೆ ನಂಬಿಕಿ ಬೇಕಿಲ್ಲ ತಂಗಿ, ಹೊತ್ತ ಹೋದ್ರ ಸಾಕು."

ರೊಟ್ಟಿಯ ಸಪ್ಪಳ ನಿಂತಿತ್ತು. ಕಸ್ತೂರಿ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಅವಳಿಗೂ ಮುಂಜಾನೆ ಅದೇ ದನಿ ಬಂದಿತ್ತು, ಅವಳ ಸ್ವಂತ ಫೋನಿಗೆ. ಅರ್ಧ ಕೇಳಿ ಮುಚ್ಚಿದ್ದಳು. ಹಿಂದೆ ಎರಡು ಸಲ ಅವಳಿಗೆ ಮೂರನೆಯ ತಿಂಗಳಲ್ಲಿ ಬಸಿರು ಇಳಿದುಹೋಗಿತ್ತು; ಎರಡು ಸಲವೂ ಸುದ್ದಿ ಮೊದಲೇ ಊರಾಡಿತ್ತು. ಈ ಸಲ ಐದು ತುಂಬುವತನಕ ಗಂಡನಿಗಲ್ಲದೆ ಯಾರಿಗೂ ತಿಳಿಯಬಾರದೆಂದು ಫಕೀರವ್ವ ಕಟ್ಟಪ್ಪಣೆ ಮಾಡಿದ್ದಳು. ಕಸ್ತೂರಿಗೆ ತಾಯಿಯಿಲ್ಲ. ಈ ಮನೆಯೇ ಅವಳಿಗೆ ತವರೂ ಆಗಿತ್ತು.

"ನಾ ಹೇಳಿಬಿಡತೀನ್ರಿ ಅತ್ತಿ," ಎಂದಳು ಕಸ್ತೂರಿ. "ಬಸರಿ ನಾ ಅಂತ."

"ಬಾಯಿ ಮುಚ್ಚು. ನಕ್ಕೊಂಡ ಹೋಗಲಿ ಮಂದಿ. ಅವರ ಕಣ್ಣು ನನ್ನ ಮ್ಯಾಲ ಇರೂತನಕ ನಿನ್ನ ಮ್ಯಾಲ ಬೀಳೂದಿಲ್ಲ." ಫಕೀರವ್ವ ಶಿವಲೀಲಾಳ ಕಡೆ ತಿರುಗಿದಳು. "ನೀ ಒಂದ ಕೆಲಸ ಮಾಡು. ಹೋಗೂವಾಗ ಗಿರಣ್ಯಾಗ ಯಂತ್ರ ತಪ್ಪೈತಿ ಅಂತ ಹೇಳಿ ಹೋಗು, ಬಳಿ ಯಾರ ಕೈಯಾಗೈತಿ ಅಂತ ಯಾರೂ ಹುಡುಕಬಾರದು."

ಶಿವಲೀಲಾ ಚೀಲದೊಳಗಿನ, ಬಳೆಯ ಲೆಕ್ಕ ಓದುವ ಯಂತ್ರಕ್ಕೆ ಕೈ ಹಾಕಲಿಲ್ಲ. ತರಬೇತಿಯಲ್ಲಿ ಕಲಿಸಿದ, ಬಳೆ ಬಂದ ಮೇಲೆ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಬಾಯಿಯಿಂದಲೇ ಕೇಳಿದಳು.

"ದೊಡ್ಡವ್ವ, ಮುಟ್ಟು ನಿಂತು ಎಷ್ಟ ವರ್ಷ ಆತ್ರಿ?"

"ಆರೇಳ ಆತು."

"ಆಮ್ಯಾಲ ಯಾವಾಗರ ಕೆಂಪ ಕಂಡೈತೇನು?"

ಫಕೀರವ್ವನ ಕೈ ತಪ್ಪಲಿನ ಮೇಲೆ ನಿಂತಿತು. "ಇಲ್ಲ."

"ಸುಳ್ಳ ಹೇಳಬ್ಯಾಡ್ರಿ ಅತ್ತಿ," ಎಂದಳು ಕಸ್ತೂರಿ ಮೆಲ್ಲಗೆ. "ಯುಗಾದಿಯಿಂದ ಹಿತ್ತಲದಾಗ ಬ್ಯಾರೆ ಅರಿವಿ ಒಗದು ಹಾಕತೀರಿ. ನಾ ನೋಡೀನಿ. ಸೊಂಟ ಅಂತೀರಿ, ಕಾಲು ಅಂತೀರಿ."

"ನೋಡೀಯಂತ ಎಲ್ಲಾ ಆಡಬೇಕೇನ?" ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಆಮೇಲೆ ತಾನಾಗಿಯೇ ಹೇಳಿದಳು. "ಹಸರ ಇತ್ತಲ್ಲ ತಂಗಿ. ಅನಸವ್ವ ತಿಂಗಳಾ ಬಂದು 'ಫಕೀರವ್ವ, ನಿಂದ ಹಸರ ಐತಿ' ಅಂತ ಹೇಳಿ ಹೋಗತಿದ್ಲು. ಬಳಿ ಈಕೀ ಕೈಯಾಗ ಇದ್ರೂ ಹೆಸರ ನಂದ ಇತ್ತಲ್ಲ. ಏನೋ, ನನ್ನ ಲೆಕ್ಕನೂ ಅದರಾಗ ಸೇರಿರತೈತಿ ಅನಿಸತಿತ್ತು."

ಶಿವಲೀಲಾ ಸೋಸಿದ ತಪ್ಪಲನ್ನು ಮೊರಕ್ಕೆ ಹಾಕಿದಳು. "ನಾಳೆ ದವಾಖಾನಿಗೆ ಬರ್ರಿ. ನಾನ ಕರಕೊಂಡ ಹೋಗತೀನಿ."

"ಆಗೂದಿಲ್ಲ."

"ಯಾಕ್ರಿ?"

"ಇವತ್ತ ಬಸರಿ ಅಂದಾರ. ನಾಳೆ ನಾ ದೊಡ್ಡ ದವಾಖಾನಿ ಹೆಂಗಸರ ವಾರ್ಡಿಗೆ ಹೋದ್ರ, ತಗಿಸಿಕೊಂಡ ಬಂದ್ಲು ಅಂತಾರ. ನಗಲಿ ಅಂದೆ ಖರೆ. ಅದನ್ನ ಅನಬಾರದು. ನನ್ನ ಮಗ ಈ ಊರಾಗ ಬಾಳೇ ಮಾಡಬೇಕು."

"ಹುಬ್ಬಳ್ಳಿಗೆ ಹೋಗೂಣು ಹಂಗಾದ್ರ."

"ಬಸ್ಸ ಹತ್ತಿದ್ರ ಸಾಕು. ಎಲ್ಲಿಗೆ ಅಂತ ಯಾರೂ ಕೇಳೂದಿಲ್ಲ, ತಾವ ಹೇಳತಾರ." ತಪ್ಪಲಿನ ಮೊರವನ್ನು ಎತ್ತಿಕೊಂಡು ಫಕೀರವ್ವ ಎದ್ದಳು. ಏಳುವಾಗ ಒಂದು ಕೈ ಗೋಡೆಗೆ ಹೋಯಿತು. "ಈಕಿಗೆ ಐದ ತುಂಬಲಿ. ಉಡಿ ತುಂಬಿ ಕುಬಸ ಮಾಡಿದ ಮರುದಿನ ನೀ ಎಲ್ಲಿಗೆ ಅಂತೀ ಅಲ್ಲಿಗೆ ಬರತೀನಿ."

ಐದು ತುಂಬಲು ಇನ್ನೂ ಮೂರು ತಿಂಗಳಿತ್ತು. ಕೆಂಪು ಕಾಣತೊಡಗಿ ಎಂಟು ತಿಂಗಳು ಆಗಲೇ ಕಳೆದಿತ್ತು. ಶಿವಲೀಲಾ ಇನ್ನೊಂದು ಸಲ ಕೇಳಿದಳು, ಮತ್ತೊಂದು ಸಲ ಕೇಳಿದಳು. ಫಕೀರವ್ವ ಅವಳಿಗೆ ರೊಟ್ಟಿ ಹಾಕಿ, ಹಕ್ಕರಕಿ ಇಟ್ಟು, ಕುಸುಬಿ ಎಣ್ಣೆ ಹನಿಸಿ, ಉಣ್ಣು ಎಂದಳು. ಹೋಗುವಾಗ ಶಿವಲೀಲಾ ಗಿರಣಿಯ ಮುಂದೆ ನಿಂತು, ಯಂತ್ರ ತಪ್ಪು ಹೇಳಿದೆ, ಫಕೀರವ್ವನದೇನೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಸ್ಸು ಹತ್ತಿದಳು.

ಆ ಮಾತಿನ ಫಲ ಬುಧವಾರವೇ ಬಂತು. ಕಡ್ಲಿಹಾಳದಿಂದ ಕೆಂಪು ಚುಕ್ಕಿಯ ಇಬ್ಬರು ಪರೀಕ್ಷೆಗೆ ಬರಬೇಕಿತ್ತು. ಬರಲಿಲ್ಲ. ಅನಸವ್ವ ಫೋನಿನಲ್ಲಿ ಹೇಳಿದಳು: "ಮುದುಕಿನ್ನ ಬಸರ ಮಾಡಿದ ಯಂತ್ರ ನಮ್ಮ ರೋಗ ಏನ ಹೇಳೀತು ಅಂತಾರ್ರಿ ಅಕ್ಕಾರ. ಒಬ್ಬಾಕಿ ಬಳಿ ತಗದು ಕರುವಿನ ಕೊರಳಿಗೆ ಕಟ್ಟೀನಿ ಅಂದ್ಲು."

ಅಷ್ಟರಲ್ಲಿ ಶಿವಲೀಲಾ ಇನ್ನೊಂದು ಕೆಲಸಕ್ಕೆ ಕೂತಿದ್ದಳು. ತಾಲೂಕಿನಲ್ಲಿ ಗಂಡನಿಲ್ಲದವರೆಂದು ಬರೆದ ಸಾವಿರದ ಆರುನೂರು ಹೆಸರುಗಳನ್ನು ಬೇರೆ ತೆಗೆದಳು. ಒಂದೊಂದರ ಗೆರೆಯನ್ನೂ ಅದೇ ಊರಿನ ಉಳಿದ ಗೆರೆಗಳ ಪಕ್ಕದಲ್ಲಿಡುವಂತೆ ಯಂತ್ರಕ್ಕೆ ಹೇಳಿಕೊಟ್ಟಳು. ಮೊದಲ ದಿನ ಯಂತ್ರ ನೂರು ಜೋಡಿ ಹಿಡಿಯಿತು. ಎರಡನೆಯ ದಿನ ಮುಗಿಯುವ ಹೊತ್ತಿಗೆ ಸಾವಿರದ ಮೇಲಾಗಿತ್ತು. ಮಗಳ ಕೈಯಲ್ಲಿ, ಸೊಸೆಯ ಕೈಯಲ್ಲಿ, ನೆಗೆಣ್ಣಿಯ ಕೈಯಲ್ಲಿ. ಒಬ್ಬ ಹುಡುಗಿಯ ಎರಡು ಕೈಯಲ್ಲಿ ನಾಲ್ಕು ಬಳೆ ಇದ್ದವು. ಅವಳ ಅಜ್ಜಿ, ದೊಡ್ಡವ್ವ, ಅತ್ತೆ ಮೂವರೂ ಮೂರು ವರ್ಷದಿಂದ ಒಳ್ಳೆಯ ಹಸಿರಾಗಿದ್ದರು.

ಪಟ್ಟಿಯನ್ನು ಡಾಕ್ಟರರ ಮುಂದಿಟ್ಟು, "ಇದರಾಗ ನಾಕನೂರು ಹೆಸರು ನಾನ ಬರಕೊಂಡದ್ದು ಸಾಹೇಬ್ರ. ಒಬ್ಬಾಕಿ ಕೈನೂ ನೋಡಿಲ್ಲ," ಎಂದಳು. "ಗಿರಣ್ಯಾಗ ಯಂತ್ರ ತಪ್ಪೈತಿ ಅಂದಾಕಿನೂ ನಾನ."

ನದಾಫ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮವ್ವನೂ ಅಪ್ಪ ಹೋದ ಮ್ಯಾಲ ಬಳಿ ಇಟ್ಟಿಲ್ಲ. ದಿನಾ ಆಕೀ ಕೈಲೆ ಚಾ ಕುಡದು ಬರತೀನಿ. ನನಗೂ ಹೊಳೀಲಿಲ್ಲ." ಪಟ್ಟಿಯನ್ನು ಒಮ್ಮೆ ತಿರುವಿದರು. "ಇದನ್ನ ಮ್ಯಾಲಕ ಕಳಸೂಣು. ಅವರು ಏನರ ಅನ್ನಲಿ. ಯಂತ್ರ ತಪ್ಪೈತಿ ಅನ್ನೂದು ಹಗುರ, ನಾವು ತಪ್ಪೀವಿ ಅನ್ನೂದು ಭಾರ. ಅದನ್ನ ನೀವು ಹೋಗಿ ಹೇಳಬೇಕು. ಆದ್ರ ಮೊದಲ ಫಕೀರವ್ವನ್ನ ಕರಕೊಂಬರ್ರಿ. ಮುಟ್ಟು ನಿಂತಾಕಿಗೆ ಎಂಟ ತಿಂಗಳು ಕೆಂಪು ಅಂದ್ರ, ನಾ ಆಕಿನ್ನ ಇವತ್ತ ನೋಡಬೇಕಿತ್ತು."

ಗುರುವಾರ ಮುಂಜಾನೆ ಶಿವಲೀಲಾ ಮತ್ತೆ ಗಿರಣಿಯ ಬಾಗಿಲಲ್ಲಿ ನಿಂತಳು. ಸಾಲು ಅಂದಿನಷ್ಟೇ ಇತ್ತು. ಪಟ್ಟೆ ತಿರುಗುತ್ತಿತ್ತು, ಹಿಟ್ಟಿನ ದೂಳು ಬಿಸಿಲಲ್ಲಿ ಏಳುತ್ತಿತ್ತು.

"ಮೊನ್ನೆ ನಾ ಯಂತ್ರ ತಪ್ಪೈತಿ ಅಂದೆ," ಎಂದು ಜೋರಾಗಿ ಶುರುಮಾಡಿದಳು. "ತಪ್ಪ ಯಂತ್ರದ್ದಲ್ಲ. ನಂದು. ಬಳಿ ಕೊಡೂವಾಗ ನಾನು..."

ಮುಂದಿನ ಮಾತು ಬಾಯಲ್ಲೇ ನಿಂತಿತು. ಫಕೀರವ್ವನ ಬಳೆ ಫಕೀರವ್ವನ ಕೈಯಲ್ಲಿಲ್ಲ ಎಂದರೆ, ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಹೇಳುವ ಹಕ್ಕು ಅವಳದಲ್ಲ. ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು.

"ನೀವು ಏನಾ?" ಎಂದ ಮೋನಪ್ಪ, ಕಿವಿಗೆ ಕೈಯಿಟ್ಟು.

ಆಗ ಹಿಂದಿನಿಂದ ಡಬ್ಬಿ ಹೊತ್ತುಕೊಂಡು ಕಸ್ತೂರಿ ಬಂದಳು. ಸಾಲಿಗೆ ನಿಲ್ಲಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, "ಮೋನಪ್ಪಮಾವ, ಮೋಟರ್ ಬಂದ್ ಮಾಡ್ರಿ," ಎಂದಳು. ಮನೆಯ ಸೊಸೆ ಹಾಗೆ ದನಿ ಎತ್ತಿದ್ದನ್ನು ಕೇಳಿರದ ಮೋನಪ್ಪ ಬಂದ್ ಮಾಡಿದ. ಪಟ್ಟೆ ನಿಂತಿತು.

"ನಮ್ಮತ್ತಿ ಹೆಸರಿನ ಬಳಿ ನನ್ನ ಕೈಯಾಗೈತಿ. ಇದು ನಂದು, ಇದು ಅವರದು." ಎರಡೂ ಕೈಯನ್ನು ಮುಂದೆ ಚಾಚಿದಳು. ಬಳೆಗಳು ಸಣ್ಣಗೆ ಸಪ್ಪಳ ಮಾಡಿದವು. "ಬಸರಿ ನಾನು. ಎರಡ ತಿಂಗಳಾತು. ಹಿಂದ ಎರಡ ಹೋಗ್ಯಾವು, ನಿಮಗೆಲ್ಲಾರಿಗೂ ಗೊತ್ತು. ಅದಕ್ಕ ನಮ್ಮತ್ತಿ ನನ್ನ ಸುದ್ದಿ ಮುಚ್ಚಿಟ್ಟು ತಾವು ಅನಿಸಿಕೊಂಡ್ರು. ಅವರ ಮೈಯಾಗ ಆರಾಮ ಇಲ್ಲ. ದವಾಖಾನಿಗೆ ಹೋಗಾಕ ನಿಮ್ಮ ಬಾಯಿಗೆ ಅಂಜಾಕತ್ತಾರ. ಕಣ್ಣ ಹಾಕೋರು ಹಾಕ್ರಿ. ನನಗ ಅತ್ತಿ ಬೇಕು."

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಗಂಡಸರು ರಸ್ತೆಯ ಕಡೆ ನೋಡಿದರು. ಸಾಲಿನ ತುದಿಯಲ್ಲಿದ್ದ ಒಬ್ಬ ಮುದುಕಿ ಮಾತ್ರ ತನ್ನ ಡಬ್ಬಿಯ ಮುಚ್ಚಳ ತಿರುವುತ್ತ, "ನಂದೂ ನಮ್ಮ ಮಮ್ಮಗಳ ಕೈಯಾಗ ಐತಿ," ಎಂದಳು, ಯಾರಿಗೂ ಅಲ್ಲವೆನ್ನುವ ಹಾಗೆ. ಉಳಿದವರು ಜೋಳ ನೋಡಿಕೊಂಡರು. ಸಾಲಿನಲ್ಲಿದ್ದ ಅನಸವ್ವ ಮೂಗು ಸೀಟಿದಳು.

"ಮೋಟರ್ ಹಚ್ಚಲ್ಯಾ ಇನ್ನ?" ಎಂದ ಮೋನಪ್ಪ.

ಸುದ್ದಿ ಕಸ್ತೂರಿಗಿಂತ ಮೊದಲೇ ಮನೆ ಮುಟ್ಟಿತ್ತು. ಶಿವಲೀಲಾ ಹೋಗುವ ಹೊತ್ತಿಗೆ ಫಕೀರವ್ವ ಉಪ್ಪು, ಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು ಸೊಸೆಯನ್ನು ಮೂಡಣಕ್ಕೆ ನಿಲ್ಲಿಸಿ ದೃಷ್ಟಿ ಇಳಿ ತೆಗೆಯುತ್ತಿದ್ದಳು. ಬಾಯಿ ಒಂದೇ ಸಮ ನಡೆದಿತ್ತು. "ನಾಲಿಗಿ ಅಲ್ಲ ಇದು, ಗಿರಣಿ ಪಟ್ಟಾ. ಹೋದಾಕಿ ಕಣ್ಣು, ಬಂದಾಕಿ ಕಣ್ಣು... ತಿರುಗಿ ನಿಲ್ಲು... ಹೇಳಬ್ಯಾಡ ಅಂದ್ರ ಡಂಗುರ ಹೊಡದ ಬಂದಾಳ... ಉಗುಳು ಇದಕ್ಕ, ಮೂರ ಸಲ." ಕಸ್ತೂರಿ ಅಳುತ್ತಳುತ್ತ ಮೂರು ಸಲ ಉಗುಳಿದಳು. ಮೆಣಸಿನಕಾಯಿ ಒಲೆಗೆ ಬಿತ್ತು. ಘಾಟು ಏಳಲಿಲ್ಲ. ಅದನ್ನು ನೋಡಿ ಫಕೀರವ್ವ ತಲೆಯಾಡಿಸಿದಳು. "ನೋಡು, ಎಷ್ಟ ಕಣ್ಣ ಬಿದ್ದಾವು."

ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಮಡಚಿಟ್ಟ ಸೀರೆ ತೆಗೆದಳು.

"ಎಲ್ಲಿಗ್ರಿ ಅತ್ತಿ?"

"ದವಾಖಾನಿಗೆ. ಇನ್ನ ಮನ್ಯಾಗ ಕೂತು ಏನ ಕಾಯಲಿ? ಮುಚ್ಚಿಡಾಕ ನೀ ಏನ ಉಳಿಸೀದಿ?" ಸೀರೆಯ ನೆರಿಗೆ ಹಿಡಿಯುತ್ತ ಶಿವಲೀಲಾಳನ್ನು ನೋಡಿದಳು. "ಹನ್ನೆರಡರ ಬಸ್ಸ ಐತಿ ಹೌದಿಲ್ಲೋ?"

ನದಾಫರ ಜೊತೆಗಿದ್ದ ಹೆಣ್ಣು ಡಾಕ್ಟರು ಅದೇ ಮಧ್ಯಾಹ್ನ ನೋಡಿ, ಸಣ್ಣ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತವನ್ನೂ ತೆಗೆದರು. ಫಕೀರವ್ವನ ಸ್ವಂತ ಜೀವಸತ್ವದ ಲೆಕ್ಕ ಮೊದಲ ಸಲ ಶಿವಲೀಲಾಳ ಪರದೆಗೆ ಬಂತು. ಫೋಲೇಟ್ ತಳದಲ್ಲಿತ್ತು. ಬಿ-ಹನ್ನೆರಡು ಅದಕ್ಕಿಂತ ಕೆಳಗೆ. ಹೊಲದಿಂದ ಉಡಿ ತುಂಬ ತಪ್ಪಲು ತಂದು ಎಲ್ಲರಿಗೆ ಹಾಕಿ, ಕೊನೆಗೆ ರೊಟ್ಟಿ ಖಾರ ಉಂಡು ಏಳುವವಳ ಲೆಕ್ಕ ಅದು. ಯಂತ್ರಕ್ಕೆ ಕೊಟ್ಟಿದ್ದರೆ ಮೊದಲ ವಾರವೇ ಕೆಂಪೆಂದು ಕೂಗುತ್ತಿತ್ತು.

ಫಲ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಶಿವಲೀಲಾ ಪಟ್ಟಿ ಹಿಡಿದು ಊರೂರಿಗೆ ಹೋದಳು. ಬರಿಗೈಯವರ ಮನೆಗಳಲ್ಲಿ ಕೂತು, ನನ್ನ ತಪ್ಪಾಗಿದೆ ಎಂದು ಮೊದಲು ಹೇಳಿ, ಆಮೇಲೆ ಅದೇ ಪ್ರಶ್ನೆ ಕೇಳಿದಳು. ಕೆಲವರು ಬೈದರು. ಕೆಲವರು ಚಹಾ ಕೊಟ್ಟರು. ಏಳು ಮಂದಿ, ಹೌದು, ಕಂಡಿದೆ ಎಂದರು. ಅವರಲ್ಲಿ ಐವರು ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಮಾರ್ಗಶಿರದ ಒಂದು ಮಂಗಳವಾರ ಫಕೀರವ್ವ, ಕಸ್ತೂರಿ ಇಬ್ಬರೂ ನದಾಫರ ಮೇಜಿನ ಮುಂದೆ ಕೂತಿದ್ದರು. ಶಿವಲೀಲಾ ಗೋಡೆಗೆ ಆತು ನಿಂತಿದ್ದಳು.

"ಕ್ಯಾನ್ಸರ್ ಐತ್ರಿ ಯವ್ವಾ," ಎಂದರು ಡಾಕ್ಟರು, ಸುತ್ತಿ ಬಳಸದೆ. "ಗರ್ಭಚೀಲದ ಬಾಯಿಯೊಳಗ. ಸಣ್ಣದೈತಿ, ಆಚೆ ಹಬ್ಬಿಲ್ಲ. ಮೂರ ವರ್ಷದ ಹಿಂದ ನಾವು ನಿಮ್ಮನ್ನ ಕರದಿದ್ರ ಇಷ್ಟಕ್ಕ ಬರತಿದ್ದಿಲ್ಲೋ ಏನೋ. ಅದು ನಮ್ಮ ತಪ್ಪು. ಇನ್ನ ಮೂರ ತಿಂಗಳು ನೀವು ಬರದ ಇದ್ದಿದ್ರ ನಾ ಈ ಮಾತ ಬ್ಯಾರೆ ರೀತಿ ಹೇಳಬೇಕಾಗತಿತ್ತು. ಹುಬ್ಬಳ್ಳಿಗೆ ಹೋಗಬೇಕು. ಆಪರೇಷನ್ ಮಾಡಿ ಗರ್ಭಚೀಲ ತಗೀತಾರ."

ಕಸ್ತೂರಿ ಅತ್ತೆಯ ಮೊಣಕೈ ಹಿಡಿದುಕೊಂಡಳು. ಫಕೀರವ್ವ ಡಾಕ್ಟರರ ಮುಖ ನೋಡುತ್ತಿದ್ದಳು.

"ಎಷ್ಟ ದಿನ ಆಗತೈತ್ರಿ?"

"ಆಪರೇಷನ್ನಿಗೆ ಹದಿನೈದ ದಿನ. ಆಮ್ಯಾಲ ಕರೆಂಟ್, ಅಂದ್ರ ವಿಕಿರಣ, ಕೊಡೂದು ಬೇಕಾದ್ರ ಆರ ವಾರ. ಆಮ್ಯಾಲ ಮೂರ ತಿಂಗಳು ಭಾರ ಎತ್ತಂಗಿಲ್ಲ."

ಫಕೀರವ್ವ ಎಡಗೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸತೊಡಗಿದಳು. ಪುಷ್ಯ, ಮಾಘ, ಫಾಲ್ಗುಣ. ತುಟಿ ಅಲುಗುತ್ತಿತ್ತು. ಚೈತ್ರ, ವೈಶಾಖ. ಒಂದು ಸಲ ತಪ್ಪಿತೇನೋ, ಮತ್ತೆ ಮೊದಲಿನಿಂದ ಎಣಿಸಿದಳು. ಡಾಕ್ಟರು ಕಾದರು.

"ಆಷಾಢದಾಗ ಈಕಿ ಹಡೀತಾಳ," ಎಂದಳು. "ಈಕಿಗೆ ತಾಯಿ ಇಲ್ಲ. ಬಾಣಂತನ ನಂದ. ದಿನಾ ಎರಡ ಹೊತ್ತು ನೀರ ಎರೀಬೇಕು. ಹಂಡೆ ಎತ್ತಬಹುದೇನ್ರಿ?"

"ಎಲ್ಲಾ ಸರಿ ಹೋದ್ರ ಎತ್ತಬಹುದು. ಹೋಗತೈತಿ ಅಂತ ನಾ ಬರದ ಕೊಡಾಕ ಬರೂದಿಲ್ರಿ."

"ಬರದ ಕೊಡ್ರಿ ಅಂತ ನಾ ಕೇಳಿಲ್ಲ. ಎತ್ತಬಹುದೋ ಇಲ್ಲೋ?"

ನದಾಫ ಸ್ವಲ್ಪ ಯೋಚಿಸಿದರು. "ತುಂಬಿದ ಹಂಡೆ ಬ್ಯಾಡ. ಅರ್ಧ ಹಂಡೆ."

"ಅರ್ಧ ಎರಡ ಸಲ ಎತ್ತಿದ್ರ ಒಂದ ಆಗತೈತಿ." ಫಕೀರವ್ವ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. "ಹುಬ್ಬಳ್ಳಿಗೆ ಚೀಟಿ ಬರೀರಿ ಸಾಹೇಬ್ರ. ನಾಳಿನ ತಾರೀಖ ಹಾಕ್ರಿ."